ಕಳೆಯಿಲ್ಲದ ದನಿ

ಅಪ್ಪ ಪಿಟೀಲು ರಿಪೇರಿ ಮಾಡುವವರು. ಮೂವತ್ತೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಹೋದ ವಾರ ಸಂಗೀತ ಶಾಲೆಯ ಮೇಷ್ಟ್ರು ಒಂದು ಡಬಲ್ ಬಾಸ್ ತಂದು ಗೋಡೆಗೆ ಒರಗಿಸಿ ಹೋದರು. ಪಿಟೀಲಿನ ಜಾತಿಯದೇ, ಆದರೆ ಆಳೆತ್ತರದ್ದು. ಹೊಟ್ಟೆಯ ಮೇಲೆ ಗೇಣುದ್ದದ ಬಿರುಕು. ತಂತಿ ಒಂದೂ ಇರಲಿಲ್ಲ. ಅಂಥದ್ದನ್ನು ಅಪ್ಪ ಮುಟ್ಟಿದ್ದು ಅದೇ ಮೊದಲು. “ದನಿ ಹೇಗಿರುತ್ತೆ ಅಂತ ಗೊತ್ತಿಲ್ಲದೆ ಹೊಟ್ಟೆ ಮುಚ್ಚಲ್ಲ” ಎಂದು ಗುಜರಿ ಅಂಗಡಿಯಿಂದ ಒಂದು ಜೊತೆ ಹಳೇ ಸ್ಪೀಕರ್ ತಂದರು. ಅವನ್ನು ಕೋಣೆಯ ಎರಡು ಮೂಲೆಗಿಟ್ಟು, ಸರಿಯಾಗಿ ನಡುವಿಗೆ ತಮ್ಮ ಕುರ್ಚಿ ಎಳೆದುಕೊಂಡು, ಮೇಷ್ಟ್ರು ಕೊಟ್ಟ, ಆ ವಾದ್ಯದ್ದೇ ಸಿ.ಡಿ.ಯನ್ನು ಮೂರು ದಿನ ಕೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಕೆಲಸ ಮುಗಿಸಿ ಬಂದಾಗ ಸಿ.ಡಿ. ಹಾಡುತ್ತಲೇ ಇತ್ತು. ಅಪ್ಪ ಆ ವಾದ್ಯಕ್ಕೆ ಹಳೇ ಕಂಬಳಿ ಹೊದಿಸಿ ದಾರ ಕಟ್ಟುತ್ತಿದ್ದರು.

“ಮೇಷ್ಟ್ರು ಐದು ಗಂಟೆಗೆ ಬಂದು ವಾಪಸ್ ತಗೊಂಡು ಹೋಗ್ತಾರೆ” ಎಂದರು.

“ಯಾಕಪ್ಪ?”

“ಕಿವಿ ಹೋಯ್ತು ಕಣಮ್ಮ. ತಗ್ಗಿನ ಸ್ವರ ಒಂದೂ ಕೇಳಲ್ಲ. ದನಿಗೆ ಕಳೇನೇ ಇಲ್ಲ. ಇವತ್ತು ಇದು, ನಾಳೆ ಪಿಟೀಲು. ಯಾರಾದ್ರೂ ಬಂದು ಹೇಳೋ ಮುಂಚೆ ನಾನೇ ಬೋರ್ಡ್ ಇಳಿಸೋದು ಮರ್ಯಾದೆ.”

“ಕೇಳ್ತಿದೆಯಲ್ಲಪ್ಪ, ಚೆನ್ನಾಗಿ” ಎಂದೆ. ಬಾಗಿಲ ಪಕ್ಕದ ಸ್ಪೀಕರ್ ಬಳಿ ನಿಂತಿದ್ದ ನನಗೆ ಆ ದಪ್ಪ ದನಿ ಎದೆಗೆ ತಾಗುವಂತೆ ಕೇಳುತ್ತಿತ್ತು. ಮೂರು ದಿನದಿಂದಲೂ ಅಲ್ಲೇ ನಿಂತು ಅದೇ ಮಾತು ಹೇಳಿದ್ದೆ. ಅವರಿಗೆ ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

“ನಿನಗೆ ಕೇಳುತ್ತೆ. ಅದೇ ನಾನು ಹೇಳ್ತಿರೋದು.”

ಅಡುಗೆಮನೆಯಿಂದ ಅಮ್ಮ, “ಮದುವೆಯಾದಾಗಿನಿಂದ ನಾನು ಕೂಗಿದ್ದು ಕೇಳಿಲ್ಲ. ಈಗ ಹೊಸದಾಗಿ ಕಿವಿ ಹೋಯ್ತಂತೆ” ಎಂದಳು.

“ರಸ್ತೇಲಿ ಲಾರಿ ಹೋದ್ರೆ ಗೊತ್ತಾಗುತ್ತಲ್ಲಪ್ಪ?”

“ಲಾರಿ ಕಾಲಿಗೆ ಕೇಳುತ್ತೆ, ಕಿವಿಗಲ್ಲ” ಎಂದು ಇನ್ನಷ್ಟು ದಾರ ತರಲು ಒಳಗೆ ಹೋದರು.

ಚಪ್ಪಲಿಯ ಪಟ್ಟಿ ಬಿಚ್ಚಲು ನಾನು ಅವರ ಕುರ್ಚಿಯಲ್ಲಿ ಕೂತೆ. ದಪ್ಪ ದನಿ ಮಾಯವಾಯಿತು. ಉಳಿದದ್ದು ತಂತಿಯ ಮೇಲೆ ಕಮಾನು ಉಜ್ಜುವ ಕರಕರ ಮಾತ್ರ. ಎದ್ದು ಬಾಗಿಲಿಗೆ ಹೋದೆ, ದನಿ ಬಂತು. ಮತ್ತೆ ಕೂತೆ, ಹೋಯಿತು. ಒಂದು ಕಾಲಿನ ಚಪ್ಪಲಿಯಲ್ಲೇ ಕುರ್ಚಿಯಿಂದ ಬಾಗಿಲಿಗೆ ನಾಲ್ಕು ಸಲ ಓಡಾಡಿದೆ. ನನ್ನ ಕಿವಿಗೆ ಮೂವತ್ತೊಂದೇ ವರ್ಷ.

“ಅಪ್ಪ, ಕೆಟ್ಟಿರೋದು ಕಿವಿಯಲ್ಲ. ಕುರ್ಚಿ.”

“ಕುರ್ಚಿ ನಾನೇ ಮಾಡಿದ್ದು” ಎಂದರು ಅಪ್ಪ, ದಾರದುಂಡೆ ಹಿಡಿದುಕೊಂಡು.

ಅವರ ಎದುರಿಗೇ ಎಡಗಡೆಯ ಸ್ಪೀಕರಿನ ವೈರ್ ತೆಗೆದು ಕುರ್ಚಿಯಲ್ಲಿ ಕೂತು ಕೇಳಿದೆ. ದಪ್ಪ ದನಿ ಇತ್ತು. ಅದನ್ನು ಹಾಕಿ ಬಲಗಡೆಯದನ್ನು ತೆಗೆದೆ. ಆಗಲೂ ಇತ್ತು. ಎರಡೂ ಹಾಕಿದರೆ ಇಲ್ಲ. ವೈರುಗಳನ್ನು ನೋಡಿದೆ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎಲ್ಲ ಸರಿ. ಹಾಗಾದರೆ ತಪ್ಪು ಡಬ್ಬದ ಒಳಗಿರಬೇಕು.

ಗೋಡೆ ಗಡಿಯಾರದ ಸೆಲ್ ತೆಗೆದೆ. ಸ್ಪೀಕರುಗಳ ಮುಂದಿನ ಬಟ್ಟೆಯ ಚೌಕಟ್ಟು ಬಿಚ್ಚಿ, ವೈರುಗಳ ತುದಿಯನ್ನು ಆಂಪ್ಲಿಫೈಯರಿನಿಂದ ಕಳಚಿದೆ. “ದನಿಗೆ ಅದುರೋ ಈ ಕಪ್ಪು ಕಾಗದದ ಮೇಲೆ ಮೆಲ್ಲಗೆ ಬೆರಳಿಡಿ” ಎಂದೆ. ಎಡಗಡೆಯ ವೈರನ್ನು, ಕೆಂಪು ಪ್ಲಸ್ಸಿಗೆ ಬರುವಂತೆ, ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿದೆ. ಟಕ್ ಎಂದಿತು.

“ತಳ್ತು” ಎಂದರು ಅಪ್ಪ.

ಬಲಗಡೆಯದಕ್ಕೂ ಹಾಗೇ, ಕೆಂಪನ್ನು ಪ್ಲಸ್ಸಿಗೇ ಮುಟ್ಟಿಸಿದೆ. ಅಪ್ಪ ಬೆರಳು ತೆಗೆಯಲಿಲ್ಲ. “ಇನ್ನೊಂದ್ಸಲ” ಎಂದರು. ಮುಟ್ಟಿಸಿದೆ. “ಇದು ಒಳಗೆ ಎಳ್ಕೊಳ್ತಿದೆ.” ಕೂದಲೆಳೆಯಷ್ಟು ಅಂಚನ್ನು ಬೆರಳಲ್ಲೇ ಅಳೆಯುವ ಮನುಷ್ಯ, ತಪ್ಪುವ ಹಾಗಿರಲಿಲ್ಲ.

ಒಂದು ಸ್ಪೀಕರ್ ಗಾಳಿಯನ್ನು ತಳ್ಳುವಾಗಲೇ ಇನ್ನೊಂದು ಎಳೆಯುತ್ತಿತ್ತು. ಎರಡಕ್ಕೂ ಸಮದೂರದಲ್ಲಿ ಕೂತವನ ಬಳಿ ದಪ್ಪ ದನಿಗಳು ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಅಂಥ ಜಾಗ ಕೋಣೆಯಲ್ಲಿ ಹೆಚ್ಚಿರಲಿಲ್ಲ. ಅಪ್ಪ ಅಳತೆ ಪಟ್ಟಿ ಹಿಡಿದು ಕುರ್ಚಿ ಹಾಕಿದ್ದರು.

ಗುಜರಿಯವನಿಗೆ ಫೋನ್ ಮಾಡಿದೆ. “ಒಂದೊಂದಾಗಿ ಹಾಕಿ ಕೇಳಿಸಿದ್ನಲ್ಲಕ್ಕ, ಎರಡೂ ಚೆನ್ನಾಗಿದ್ವು” ಎಂದ.

“ಎರಡೂ ಒಟ್ಟಿಗೆ ಯಾಕೆ ಹಾಕ್ಲಿಲ್ಲ?”

“ಅಂಗಡೀಲಿರೋದು ಒಂದೇ ವೈರ್ ಅಕ್ಕ.” ಬಲಗಡೆಯದನ್ನು ಯಾರೋ ಬಿಚ್ಚಿ ಬೆಸುಗೆ ಹಾಕಿದ್ದರಂತೆ, ಅವನಿಗೆ ಅದೂ ಆಗ ನೆನಪಾಯಿತು.

“ಅವನ ಮಾತು ಸರಿ” ಎಂದಳು ಬಾಗಿಲಿಗೆ ಬಂದು ನಿಂತಿದ್ದ ಅಮ್ಮ. “ಒಬ್ಬೊಬ್ಬರೇ ಇದ್ದಾಗ ಎಲ್ಲರೂ ಬಂಗಾರ.”

ಎರಡನ್ನೂ ಆಂಪ್ಲಿಫೈಯರಿಗೆ ಮತ್ತೆ ಜೋಡಿಸುವಾಗ ಬಲಗಡೆಯ ವೈರನ್ನು ಮಾತ್ರ ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು ಎಂದು ಅದಲುಬದಲು ಮಾಡಿದೆ. “ಕೂತ್ಕೊಳ್ಳಿ” ಎಂದೆ.

“ನೀನೇ ಕೂತು ನೋಡು” ಎಂದರು ಅಪ್ಪ.

“ನಾನು ಕೂತ್ರೆ ನನ್ನ ಕಿವಿ ಗೊತ್ತಾಗುತ್ತೆ, ನಿಮ್ಮದಲ್ಲ.”

ದಾರದುಂಡೆಯನ್ನು ಕೈಯಿಂದ ಕೈಗೆ ಬದಲಾಯಿಸಿದರು. ಆಮೇಲೆ, ಮುಳ್ಳಿನ ಮೇಲೆ ಕೂರುವವರ ಹಾಗೆ, ಕುರ್ಚಿಯ ಅಂಚಿನಲ್ಲಿ ಕೂತರು. ಸಿ.ಡಿ. ಹಾಕಿದೆ.

ಅಪ್ಪ ನಿಧಾನವಾಗಿ ಹಿಂದಕ್ಕೆ ಒರಗಿದರು. ಅಡುಗೆಮನೆಗೆ ಹೋಗಿದ್ದ ಅಮ್ಮ, “ಸ್ವಲ್ಪ ಕಮ್ಮಿ ಮಾಡಿ, ಗೂಡಲ್ಲಿ ತಟ್ಟೆ ನಡುಗ್ತಿವೆ” ಎಂದು ಕೂಗಿದಳು.

“ಕೇಳ್ತು” ಎಂದರು ಅಪ್ಪ. ಕಮ್ಮಿ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: “ಏನಾಗಿತ್ತು ಅಂದೆ?”

“ಎರಡೂ ಕೂಡೋ ಬದಲು ಒಂದರಿಂದ ಒಂದು ಕಳೀತಾ ಇತ್ತು.”

“ಕಳೆಯೋದು ಜಾಸ್ತಿಯಾಗಿ ಕಳೆ ಇರ್ಲಿಲ್ಲ ಅನ್ನು.” ಎದ್ದು ಹೋಗಿ ಕಂಬಳಿಯ ಗಂಟು ಬಿಚ್ಚತೊಡಗಿದರು.

ಮೇಷ್ಟ್ರು ಹೇಳಿದಂತೆ ಐದು ಗಂಟೆಗೆ ಸರಿಯಾಗಿ ಬಂದರು. ಅಪ್ಪ ವಾದ್ಯದ ಹೊಟ್ಟೆಗೆ ಕಿವಿಯಿಟ್ಟು ಗೆಣ್ಣಿನಿಂದ ತಟ್ಟುತ್ತಿದ್ದರು. ತಲೆಯೆತ್ತದೆ ಗೋಡೆಯತ್ತ ಕೈ ತೋರಿಸಿದರು. ಸೆಲ್ಲಿಲ್ಲದ ಗಡಿಯಾರ ಮೂರೂ ನಲವತ್ತಕ್ಕೆ ನಿಂತಿತ್ತು.

“ಐದು ಗಂಟೆ ಆಗ್ಲಿ ಮೇಷ್ಟ್ರೇ” ಎಂದರು. “ಅಲ್ಲೀವರೆಗೂ ಆ ಕುರ್ಚೀಲಿ ಕೂತ್ಕೊಂಡು ಕೇಳ್ತಿರಿ.”