ಸುಣ್ಣದ ನೀರಲ್ಲಿ ಅದ್ದಿದ ಹಗ್ಗ

"ಟೇಪು ಎಲ್ಲೆರ ಸಿಕ್ಕೊಂಡಿರಬೇಕ್ರಿ ಮೇಡಂ. ಇನ್ನೊಮ್ಮೆ ಹಿಡೀರಿ," ಎಂದರು ಶ್ರೀಶೈಲಪ್ಪ ಮಾಸ್ತರು. ಹಾಗೆ ಅಂದದ್ದು ಅದು ಮೂರನೆಯ ಸಲ.

ರಾಜೇಶ್ವರಿ ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಮತ್ತೆ ಬಗ್ಗಿ ಉಕ್ಕಿನ ಟೇಪಿನ ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಬಿಳಿ ಗೆರೆಯ ಗುಂಟ ಮೈದಾನ ಸುತ್ತತೊಡಗಿದರು. ಮಾಸ್ತರು ಹಿಂದಿನಿಂದ ಪ್ರತಿ ತಿರುವಿನಲ್ಲೂ ಬಗ್ಗಿ ಬಗ್ಗಿ ನೋಡುತ್ತ ನಡೆದರು. ಟೇಪು ಎಲ್ಲೂ ಸಿಕ್ಕಿಕೊಂಡಿರಲಿಲ್ಲ. ಇನ್ನೂರು ಮೀಟರ್ ಇರಬೇಕಾಗಿದ್ದ ಸುತ್ತು ಈ ಸಲವೂ ಹನ್ನೆರಡು ಮೀಟರಿನಷ್ಟು ಕಡಿಮೆ ಬಂತು.

ಬಾಗಲಕೋಟೆ ಬೇರೆ ಜಿಲ್ಲೆಯಾದ ಮರುವರ್ಷದ ಮಾತಿದು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ರಾಜೇಶ್ವರಿ, ಬಯಲುಸೀಮೆಯ ಹಳ್ಳಿ ಮಕ್ಕಳ ದೇಹಶಕ್ತಿ ಎಷ್ಟು, ಅದನ್ನು ಅಳೆಯುವುದು ಹೇಗೆ ಎಂಬ ವಿಷಯ ಹಿಡಿದುಕೊಂಡು ತಾಲೂಕು ತಾಲೂಕು ತಿರುಗುತ್ತಿದ್ದರು. ಎದೆಗೆ ಕಟ್ಟಿದರೆ ಬಡಿತ ಎಣಿಸುವ ಪಟ್ಟಿ, ಊದಿದರೆ ಉಸಿರು ಅಳೆಯುವ ಕೊಳವೆ, ಹತ್ತಿ ಇಳಿಯಲು ಮಡಚುವ ಮರದ ಮೆಟ್ಟಿಲು, ಎಲ್ಲ ಅವರ ಜೊತೆಗೇ ಬಸ್ಸು ಹತ್ತಿ ಇಳಿಯುತ್ತಿದ್ದವು. ಇಂಡಿ, ಮುದ್ದೇಬಿಹಾಳ ಮುಗಿಸಿ, ಸಿಂದಗಿಯಲ್ಲಿ ಉಳಿದು, ಆಲಮೇಲದ ಆಚೆಗಿನ ಈ ಹಳ್ಳಿಯ ಹೈಸ್ಕೂಲಿಗೆ ಅವರು ಬಂದದ್ದು ಒಬ್ಬಳೇ ಹುಡುಗಿಯ ಸಲುವಾಗಿ. ಗಾದಿ ಹೊಲಿಯುವ ಖಾಜಾಸಾಬ ನದಾಫನ ಮಗಳು ಶಬಾನಾ, ಹತ್ತನೆಯ ತರಗತಿ. ಎಂಟುನೂರು ಮೀಟರನ್ನು ಎರಡು ನಿಮಿಷ ಹದಿನೆಂಟು ಸೆಕೆಂಡಿನಲ್ಲಿ ಓಡುತ್ತಾಳೆ ಎಂದು ಶ್ರೀಶೈಲಪ್ಪನವರೇ ಧಾರವಾಡಕ್ಕೆ ಬರೆದು ತಿಳಿಸಿದ್ದರು. ಕಬ್ಬು ಜೋಳದ ಊರಿನಲ್ಲಿ, ಬರಿಗಾಲಲ್ಲಿ, ಇಂಥ ಹುಡುಗಿ ಇದ್ದರೆ ಅವಳ ಎದೆಯೊಳಗೆ ಏನಿದೆ ಎಂದು ಯಾರಿಗಾದರೂ ನೋಡಬೇಕು ಅನಿಸುತ್ತದೆ.

ಆದರೆ ಈ ಮೇಡಮ್ಮಿಗೆ ಒಂದು ಚಟವಿತ್ತು. "ಮನುಷ್ಯಾರನ್ನ ಆಮ್ಯಾಲೆ ಅಳಿಯೋಣ್ರಿ ಸರ, ಮೊದಲ ನೆಲ ಅಳಿಯೋಣು," ಎಂದು ಬಂದವರೇ ಟೇಪು ಬಿಚ್ಚಿದ್ದರು. ರಜೆಯ ದಿನವಾದ್ದರಿಂದ ಮೈದಾನದಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಶಬಾನಾಳಿಗೆ ಎಂಟು ಗಂಟೆಗೆ ಬರಲು ಹೇಳಿದ್ದರು.

"ನಿಮ್ಮ ಟೇಪ ತಪ್ಪಿರಬೇಕ್ರಿ," ಎಂದು ಹೇಳುವಷ್ಟು ಒರಟರಲ್ಲ ಮಾಸ್ತರು. ಅದನ್ನು ನುಂಗಿಕೊಂಡು ಆಟದ ಸಾಮಾನಿನ ಕೋಣೆಗೆ ಹೋಗಿ ತಮ್ಮ ಹಗ್ಗ ತಂದರು. ಪುಂಡಿ ನಾರಿನಲ್ಲಿ ಹೊಸೆಸಿದ ಒಳ್ಳೆ ಬಿಗಿಯಾದ ಹಗ್ಗ. ನೌಕರಿಗೆ ಬಂದ ವರ್ಷ ಓವರಸಿಯರ ಒಬ್ಬರ ಟೇಪಿನ ಪಕ್ಕದಲ್ಲಿ ಇಟ್ಟು, ಸರಿಯಾಗಿ ಐವತ್ತು ಮೀಟರಿಗೆ ಗಂಟು ಹಾಕಿ ಇಟ್ಟುಕೊಂಡದ್ದು. ಮೈದಾನದ ಗೆರೆಗಳೆಲ್ಲ ಹದಿನಾರು ವರ್ಷದಿಂದ ಇದೇ ಹಗ್ಗದಿಂದ ಬಿದ್ದವು. ಇಬ್ಬರೂ ಹಗ್ಗವನ್ನು ಟೇಪಿನ ಬದಿಗೆ ಎಳೆದು ಹಿಡಿದರು. ಗಂಟು ಐವತ್ತರ ಮೇಲೇ ಕೂತಿತು, ಕೂದಲಿನಷ್ಟೂ ಆಚೀಚೆ ಇಲ್ಲ.

"ನೋಡಿದಿರಿಲ್ರಿ," ಎಂದರು ಮಾಸ್ತರು. ಮುಖಕ್ಕೆ ಜೀವ ಬಂದಿತ್ತು.

"ಹಗ್ಗ ಬರೋಬ್ಬರಿ ಅದರಿ," ಎಂದು ಮೇಡಂ ಒಪ್ಪಿಕೊಂಡರು. "ಹಂಗಾರ ಗೆರಿ ಹ್ಯಾಂಗ ಹಾಕ್ತೀರಿ, ಒಂಚೂರು ತೋರಸ್ರಿ."

ತೋರಿಸುವುದೆಂದರೆ ಮಾಸ್ತರಿಗೆ ಹುರುಪು. ಬಕೆಟ್ಟಿನಲ್ಲಿ ಸುಣ್ಣ ಕಲಸಿ, ಹಗ್ಗವನ್ನು ಸುರುಳಿ ಸುರುಳಿಯಾಗಿ ಅದರಲ್ಲಿ ಮುಳುಗಿಸಿ, ಚೆನ್ನಾಗಿ ನೆನೆಯಲಿ ಎಂದು ಬಿಟ್ಟು, ಅಷ್ಟೊತ್ತು ಮೇಡಮ್ಮಿಗೆ ತಮ್ಮ ಜಾಣತನ ವಿವರಿಸಿದರು. ಬೇರೆ ಶಾಲೆಯವರು ಕೈಯಿಂದ ಪುಡಿ ಉದುರಿಸುತ್ತಾರೆ, ಗೆರೆ ಸೊಟ್ಟಗಾಗುತ್ತದೆ. ಒದ್ದೆ ಹಗ್ಗವನ್ನು ಎಳೆದು ಕಟ್ಟಿ ಒಮ್ಮೆ ಎತ್ತಿ ಬಡಿದರೆ ಸೂತ್ರ ಹಿಡಿದ ಹಾಗೆ ಗೆರೆ ಬೀಳುತ್ತದೆ. ಹೇಳುತ್ತಲೇ ಹಗ್ಗ ತೆಗೆದು, ಒಂದು ತುದಿಯನ್ನು ಗೂಟಕ್ಕೆ ಬಿಗಿದು, ಇನ್ನೊಂದು ತುದಿ ಹಿಡಿದು ಟೇಪಿನ ಗುಂಟ ಹಿಂದೆ ಹಿಂದೆ ನಡೆದರು. ಐವತ್ತರ ಗುರುತು ಇನ್ನೂ ಮೂರು ಮೀಟರ್ ಆಚೆಗೆ ಇರುವಾಗಲೇ ಹಗ್ಗ ಮುಗಿಯಿತು. ಎಳೆದರು. ಕಾಲು ಊರಿ ಜಗ್ಗಿದರು. ಬೆರಳ ಸಂದಿಯಿಂದ ಸುಣ್ಣದ ನೀರು ಸೋರಿತೇ ಹೊರತು ಗಂಟು ಮುಂದೆ ಬರಲಿಲ್ಲ.

ಮೇಡಂ ಬಗ್ಗಿ ಗಂಟನ್ನೂ ಟೇಪಿನ ಗುರುತನ್ನೂ ನೋಡಿದರು. ವಿವರಿಸುವ ಅಗತ್ಯ ಇರಲಿಲ್ಲ. ಹಗ್ಗ ಸಡಿಲಾದ ಹೊರಸು ಮಂಚಕ್ಕೆ ಶ್ರೀಶೈಲಪ್ಪನವರ ತಾಯಿ ಸಂಜೆ ಹೊತ್ತು ನೀರು ಚಿಮುಕಿಸಲು ಹೇಳುತ್ತಿದ್ದರು, ಮುಂಜಾನೆಗೆ ಹಗ್ಗ ಬಿಗಿದು ಹೊರಸು ನೆಟ್ಟಗಾಗುತ್ತಿತ್ತು. ಚಿಕ್ಕಂದಿನಲ್ಲಿ ಚೊಂಬು ಹಿಡಿದು ನೀರು ಚಿಮುಕಿಸಿದ್ದು ತಾವೇ. ಪುಂಡಿ ಹಗ್ಗ ನೆಂದರೆ ಗಿಡ್ಡಾಗುತ್ತದೆ ಎಂಬುದು ಊರಿನ ಕೂಸಿಗೂ ಗೊತ್ತು. ಹದಿನಾರು ವರ್ಷ ಅದೇ ಹಗ್ಗವನ್ನು ನೀರಿಗೆ ಅದ್ದಿ, ಬಂದ ಗೆರೆಯನ್ನು ಇನ್ನೂರು ಮೀಟರ್ ಎಂದು ಕರೆದವರು ಜಿಲ್ಲೆಯಲ್ಲೇ ಹೆಸರುವಾಸಿಯಾದ ದೈಹಿಕ ಶಿಕ್ಷಕರು. ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ ದಾಖಲೆಗಳ ಕಡೆಗೆ ಅವರ ಕಣ್ಣು ತಾನಾಗಿ ಹೋಯಿತು. ಅಲ್ಲಿದ್ದ ಒಂದೊಂದು ಹೆಸರೂ ಸುಳ್ಳಾಯಿತು. ನಾಚಿಕೆಯಿಂದ ಎದುರಿಗಿದ್ದ ಹೆಂಗಸಿನ ಮುಖ ನೋಡಲಾಗದೆ ಅವರು ಕೈಯಲ್ಲಿನ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡರು.

ಗೋಡೆಯದು ಹೋಗಲಿ. ಅದಕ್ಕಿಂತ ದೊಡ್ಡದು ಬೆಳಗಾವಿಯದು.

ನವೆಂಬರಿನಲ್ಲಿ ಬೆಳಗಾವಿ ವಿಭಾಗದ ಕ್ರೀಡಾಕೂಟ ನಡೆದಿತ್ತು. ಶಬಾನಾ ಗೆದ್ದೇ ಗೆಲ್ಲುತ್ತಾಳೆ, ಮೊದಲ ಮೂವರಲ್ಲಿ ಬಂದರೆ ಬಿಜಾಪುರದ ಕ್ರೀಡಾ ವಸತಿಶಾಲೆಯಲ್ಲಿ ಜಾಗ ಇಟ್ಟದ್ದೇ ಎಂದು ಮಾಸ್ತರು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಹತ್ತನೆಯದಾದ ಮೇಲೆ ಮಗಳನ್ನು ಸೂಜಿ ಹಿಡಿದು ಗಾದಿ ಹೊಲಿಯಲು ಕೂರಿಸಬೇಕೆಂದಿದ್ದ ಖಾಜಾಸಾಬ, ಮಾಸ್ತರ ಮಾತಿನ ಮೇಲೆ ಆ ಯೋಚನೆ ಬಿಟ್ಟಿದ್ದ. ಬೆಳಗಾವಿಯಲ್ಲಿ ಹುಡುಗಿ ಹತ್ತು ಸೆಕೆಂಡು ತಡಮಾಡಿ ಐದನೆಯವಳಾಗಿ ಬಂದಳು. ಮಾಸ್ತರು ಬಸ್ಸಿನಲ್ಲಿ ಅವಳ ಜೊತೆ ಮಾತಾಡಲಿಲ್ಲ. ಬಿಜಾಪುರದ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಉಳಿದ ಹುಡುಗರೆದುರಿಗೆ, "ಊರಾಗ ಓಡೂ ಕಾಲು ಮಂದಿ ಮುಂದ ಯಾಕ ನಡುಗ್ತಾವು? ಹೆದರುಪುಕ್ಕಿ," ಎಂದಿದ್ದರು. ಊರಿಗೆ ಬಂದು ಅವಳಪ್ಪನಿಗೂ ಅದನ್ನೇ ಹೇಳಿದ್ದರು. ಆ ಹುಡುಗಿ ಅಂದು ಬೆಳಗಾವಿಯಲ್ಲಿ ಓಡಿದ್ದು ತಾನು ದಿನಾ ಓಡುತ್ತಿದ್ದಷ್ಟೇ ಜೋರಾಗಿ ಎಂಬುದು ಈಗ, ಈ ಒದ್ದೆ ಹಗ್ಗದ ತುದಿಯಲ್ಲಿ ಗೊತ್ತಾಯಿತು.

"ಸರ, ಕೇಳ್ರಿಲ್ಲೆ," ಎಂದರು ರಾಜೇಶ್ವರಿ, ದನಿ ತಗ್ಗಿಸಿ. "ನಾ ಯಾರಿಗೂ ಹೇಳೂದಿಲ್ಲ. ನನ್ನ ಪ್ರಬಂಧದಾಗ ಸಾಲಿ ಹೆಸರ ಬರೂದಿಲ್ಲ. ಟೇಪ ಹಿಡದು ಹೊಸಾ ಗೆರಿ ಹಾಕೋಣು, ಆಕಿ ಓಡಲಿ. ಆತಿಲ್ಲೋ."

"ಭಾಳ ಉಪಕಾರ ಆತ್ರಿ," ಎಂದರು ಮಾಸ್ತರು. ಎಷ್ಟು ಬೇಗ ಅಂದೆ ಎಂದು ಅವರಿಗೇ ಹೇಸಿಗೆಯಾಯಿತು. ಆದರೂ ಅಂದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ. ಇಬ್ಬರೂ ಸೇರಿ ಒಣ ಸುಣ್ಣದ ಪುಡಿಯಿಂದ ಹೊಸ ಗೆರೆ ಹಾಕಿದರು. ಹಳೆಯ ಸುತ್ತಿನ ಹೊರಗೆ ಎರಡು ಮೂರು ಹೆಜ್ಜೆ ದೂರದಲ್ಲಿ ಹೊಸ ಸುತ್ತು ಬಂತು. ನೋಡುವುದಕ್ಕೆ ಅಂಥ ಅಂತರವೇನಲ್ಲ.

ಎಂಟಕ್ಕೆ ಶಬಾನಾ ಬಂದಳು, ಜೊತೆಗೆ ಅವಳಪ್ಪ. ಖಾಜಾಸಾಬ ಹೊಸ ಹತ್ತಿ ತುಂಬಿ ಹೊಲಿದ ಪುಟ್ಟ ಗಾದಿಯೊಂದನ್ನು ಬಗಲಲ್ಲಿ ಹಿಡಿದಿದ್ದ. "ಮೇಡಮ್ಮರು ದೂರದಿಂದ ಬಂದಾರ, ಕಲ್ಲಿನ ಮ್ಯಾಲ ಯಾಕ ಕುಂದ್ರಬೇಕ್ರಿ," ಎಂದು ಅದನ್ನು ಕಟ್ಟೆಯ ಮೇಲೆ ಹಾಸಿ, ತಾನು ದೂರದ ಬೇವಿನ ಗಿಡದ ಕೆಳಗೆ ಹೋಗಿ ನಿಂತ. ಹುಡುಗಿ ಗೆರೆ ನೋಡಿದಳು.

"ಬ್ಯಾರೆ ಗೆರಿ ಹಾಕೀರೇನ್ರಿ ಸರ?"

"ಹೂಂ. ಮೇಡಮ್ಮರಿಗೆ ಬೇಕಾಗಿತ್ತು, ಅವರ ಲೆಕ್ಕಕ್ಕ," ಎಂದರು ಮಾಸ್ತರು.

ಕೊಳವೆ ಊದುವಾಗ ಶಬಾನಾಳಿಗೆ ನಗು ತಡೆಯಲಿಲ್ಲ, ಎರಡು ಸಲ ಉಸಿರು ಪೋಲಾಯಿತು. ಮೂರನೆಯ ಸಲಕ್ಕೆ ಕೊಳವೆಯ ಮುಳ್ಳು ಏರಿದ್ದು ನೋಡಿ ರಾಜೇಶ್ವರಿ ಹುಬ್ಬು ಏರಿಸಿದರು. ಮೆಟ್ಟಿಲು ಹತ್ತಿಸಿ ಇಳಿಸಿದರು. ಎದೆಗೆ ಪಟ್ಟಿ ಕಟ್ಟಿದರು. ಆಮೇಲೆ ಹುಡುಗಿ ಓಢಣಿಯನ್ನು ಸೊಂಟಕ್ಕೆ ಬಿಗಿದು ಗೆರೆಯ ಮೇಲೆ ನಿಂತಳು. ಓಡುವ ಮುಂಚೆ ಒಮ್ಮೆ ಅಪ್ಪನತ್ತ, ಒಮ್ಮೆ ಮಾಸ್ತರತ್ತ ನೋಡಿದಳು.

ಅವಳು ಓಡಿದಳು. ಎಷ್ಟೋ ವರ್ಷಗಳ ಮೇಲೆ ಮಾಸ್ತರು ಗಡಿಯಾರ ನೋಡದೆ ಬರೀ ಓಟ ನೋಡಿದರು. ಕತ್ತು ಅಲುಗದೆ, ಮೊಣಕಾಲು ಒಂದೇ ಎತ್ತರಕ್ಕೆ ಏಳುತ್ತ, ನಾಲ್ಕನೆಯ ಸುತ್ತಿನಲ್ಲೂ ಮೊದಲನೆಯ ಸುತ್ತಿನ ಹೆಜ್ಜೆಯೇ. ಒಳ್ಳೆಯ ಓಟ. ರಾಜ್ಯಕ್ಕೆ ಮೊದಲನೆಯದಲ್ಲದಿರಬಹುದು, ಆದರೆ ಸರಿಯಾಗಿ ಕಲಿಸಿದರೆ ಆಗಬಹುದಾಗಿದ್ದ ಓಟ. ಇದಕ್ಕಿಂತ ಹೆಚ್ಚು ಇದೆ ಎಂದು ಸುಳ್ಳು ಹೇಳಿ, ಇದ್ದದ್ದನ್ನು ಕಲಿಸುವುದನ್ನು ತಾವು ಮರೆತಿದ್ದರು.

ಮುಗಿಸಿ ಬಂದವಳೇ ಬಗ್ಗಿ ಮೊಣಕಾಲು ಹಿಡಿದು, ಮೇಡಮ್ಮರ ಕೈಯಲ್ಲಿದ್ದ ಗಡಿಯಾರ ನೋಡಿದಳು. ಎರಡು ನಿಮಿಷ ಇಪ್ಪತ್ತೆಂಟು. ಅವಳ ಮುಖ ಸಣ್ಣದಾಯಿತು.

"ಶಾಭಾಶ್. ಇಂಥಾ ಎದಿ ನಾ ಇಂಡಿ ಕಡೆ ಸುದ್ದಾ ನೋಡಿಲ್ಲ," ಎಂದರು ರಾಜೇಶ್ವರಿ. ಮನಸ್ಸಿನಿಂದಲೇ ಅಂದದ್ದು.

ಹುಡುಗಿಗೆ ಅದು ಸಮಾಧಾನದ ಮಾತಿನಂತೆ ಕೇಳಿಸಿರಬೇಕು. ಮಾಸ್ತರ ಕಡೆಗೆ ತಿರುಗಿ, "ತಪ್ಪಾತ್ರಿ ಸರ. ಮತ್ತ ಹಂಗ ಆತು," ಎಂದಳು. ಆಮೇಲೆ ಎದೆಗೆ ಕಟ್ಟಿದ ಪಟ್ಟಿಯನ್ನು ಮುಟ್ಟಿ ನೋಡಿಕೊಂಡು, ತೀರ ಮೆಲ್ಲಗೆ ಕೇಳಿದಳು: "ಮೇಡಂ, ಅಂಜಿಕಿ ಅಳಿಯೂ ಮಷೀನ ಐತೇನ್ರಿ ನಿಮ್ಮ ಕಡೆ? ನನಗ ಅಂಜಿಕಿ ಬಂದಿದ್ದ ಗೊತ್ತಾಗಂಗಿಲ್ರಿ. ಓಡಾಕತ್ತಿದಾಗ ಏನೂ ಅನಸಂಗಿಲ್ಲ. ಆಮ್ಯಾಲೆ ಗಡಿಯಾರ ನೋಡಿದರ ಅಂಜಿರ್ತೇನಿ. ಎಷ್ಟ ಐತಿ ಅಂತ ಅಳದು ಹೇಳಿದರ ಕಡಿಮಿ ಮಾಡ್ಕೋತೇನ್ರಿ."

ರಾಜೇಶ್ವರಿ ಮಾಸ್ತರ ಮುಖ ನೋಡದೆ, ಕೊಟ್ಟ ಮಾತಿಗೆ ತಪ್ಪದೆ ಟೇಪು ಸುತ್ತತೊಡಗಿದರು.

ಈಗ ಸುಮ್ಮನಿದ್ದರೆ ಆಯಿತು, ಈ ಹುಡುಗಿ ಬದುಕಿಡೀ ತನ್ನೊಳಗೆ ಇಲ್ಲದ್ದನ್ನು ಹುಡುಕುತ್ತ ಇರುತ್ತಾಳೆ, ಗೋಡೆಯ ಮೇಲಿನ ನೀಲಿ ಅಕ್ಷರಗಳು ಹಾಗೇ ಇರುತ್ತವೆ. ಸುಮ್ಮನಿರಬೇಕು ಅಂತಲೂ ಶ್ರೀಶೈಲಪ್ಪನವರಿಗೆ ಅನಿಸಿತು. ಹಾಗೆ ಅನಿಸಿದ್ದೇ ಅವರನ್ನು ಮಾತಾಡಿಸಿತು.

"ನೀ ಅಂಜಿಲ್ಲವ್ವ," ಎಂದರು. "ಗೆರಿ ಸಣ್ಣದಿತ್ತು. ನಾ ಹಾಕಿದ್ದು. ಒದ್ದಿ ಹಗ್ಗದ್ಲೆ ಹಾಕ್ತಿದ್ನಿ, ಹಗ್ಗ ಗಿಡ್ಡ ಆಗಿರ್ತಿತ್ತು. ಹದಿನೆಂಟ ಅಂಬೂದು ನಿಂದಲ್ಲ. ಇಪ್ಪತ್ತೆಂಟ ನಿಂದು. ಮೊದಲಿಂದ ಅದ ನಿಂದು."

ಶಬಾನಾ ಒಳಗಿನ ಗೆರೆ ನೋಡಿದಳು, ಹೊರಗಿನ ಗೆರೆ ನೋಡಿದಳು. "ಬೆಳಗಾವ್ಯಾಗ ಸುದ್ದಾ ಏನ್ರಿ?"

"ಬೆಳಗಾವ್ಯಾಗ ಸುದ್ದಾ."

ಅವಳು ಅಳುತ್ತಾಳೆ, ಇಲ್ಲ ಸಿಟ್ಟಾಗುತ್ತಾಳೆ ಎಂದು ಮಾಸ್ತರು ಕಾದರು. ಎರಡೂ ಆಗಲಿಲ್ಲ. ಓಢಣಿಯ ಗಂಟು ಬಿಚ್ಚಿ ತಲೆಯ ಮೇಲೆ ಹೊದ್ದುಕೊಂಡು, "ಅಪ್ಪಗ ನೀವ ಹೇಳ್ರಿ ಸರ. ನಾ ಹೇಳಿದರ ನಂಬಂಗಿಲ್ಲ," ಎಂದಳು.

ಬೇವಿನ ಗಿಡದವರೆಗೆ ನಡೆಯುವಾಗ ಮಾಸ್ತರಿಗೆ ಮೈದಾನ ಎಂದೂ ಇಷ್ಟು ಉದ್ದ ಅನಿಸಿರಲಿಲ್ಲ. ಖಾಜಾಸಾಬ ಎರಡು ಹೆಜ್ಜೆ ಎದುರು ಬಂದು ಕೈ ಮುಗಿದ. ನಿಂತಲ್ಲೇ ಎಲ್ಲ ಹೇಳಿದರು, ಹಗ್ಗ, ಸುಣ್ಣ, ಹತ್ತು ಸೆಕೆಂಡು. ತಮ್ಮ ಕಡೆಯಿಂದ ಒಂದು ನೆಪವನ್ನೂ ಸೇರಿಸಲಿಲ್ಲ. ಬೈಸಿಕೊಳ್ಳಲು ತಯಾರಾಗಿದ್ದರು, ಬೈದರೆ ಹಗುರಾದೀತು ಎಂದುಕೊಂಡಿದ್ದರು.

ಖಾಜಾಸಾಬ ಬೈಯಲಿಲ್ಲ. ಮಗಳತ್ತ ನೋಡಿದ.

"ಆವತ್ತ ನೀವು ಬಂದು ಹೇಳಿ ಹೋದಿರಿಲ್ರಿ ಸರ, ಹೆದರಿ ಓಡಲಿಲ್ಲ ಅಂತ," ಎಂದ. "ನಾ ಆಕಿಗೆ ಕೈ ಮಾಡಿದ್ನಿರಿ. ಹುಟ್ಟಿದಾಗಿಂದ ಒಂದೇಟು ಹಾಕಿದಾಂವ ಅಲ್ಲ. ಇಷ್ಟ ಮಂದಿ ನಂಬಿದ್ದರು, ಮಾಸ್ತರ ಮಾನ ಕಳದಿ ಅಂತ ಕಪಾಳಕ್ಕ ಹೊಡದ್ನಿ. ಆಕಿ ಅಂದ್ಲರಿ, ಅಪ್ಪ, ನಾ ಜೋರ ಓಡೇನಿ ಅಂತ. ಸುಳ್ಳ ಹೇಳ್ತಿ ಅಂತ ಮತ್ತೊಂದ ಹೊಡದ್ನಿ."

ಖಾಜಾಸಾಬ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು, ಮೈದಾನಕ್ಕೆ ಇಳಿದು, ಮಗಳ ಕಡೆಗೆ ನಡೆದ. ಮಾಸ್ತರು ಗಿಡದ ಕೆಳಗೇ ಉಳಿದರು.

ಶಬಾನಾ ಎರಡು ಗೆರೆಗಳ ನಡುವೆ ನಿಂತಿದ್ದಳು. ಅಪ್ಪ ಬರುವುದನ್ನು ನೋಡಿ ಓಢಣಿ ಸರಿ ಮಾಡಿಕೊಂಡಳು. ಖಾಜಾಸಾಬ ಹತ್ತಿರ ಹೋಗಿ ಅವಳ ತಲೆ ಸವರಲೆಂದು ಕೈ ಎತ್ತಿದ. ಹುಡುಗಿ ಥಟ್ಟನೆ ಕಣ್ಣು ಮುಚ್ಚಿ ಕೆನ್ನೆಯನ್ನು ಆಚೆ ತಿರುಗಿಸಿದಳು. ಎತ್ತಿದ ಕೈ ಅಲ್ಲೇ ನಿಂತಿತು.