ಗಾಳಿ ನೀರಾಗುವ ಕಡೆ

"ಲೇ ಮೊಂಡ, ಆ ದರಿದ್ರ ಕೈ ಹಿಂದಕ್ಕಿಟ್ಕೊಳ್ಳೋ! ಅತಿಥಿಗಳು ನೋಡಿ ವಾಂತಿ ಮಾಡ್ಕೊಂಡ್ರೆ ನಿಮ್ಮಪ್ಪ ಬಂದು ಒರೆಸ್ತಾನಾ?"

ಮ್ಯಾನೇಜರ್ ಕಿರುಚಿದ್ದು ನಮ್ಮ ಜೊತೆ ಕ್ಯಾನ್ ತುಂಬುವವನ ಮೇಲೆ. ಅವನ ಬಲಗೈಯಲ್ಲಿ ಎರಡು ಬೆರಳಿಲ್ಲ. ಗಾಳಿಯನ್ನು ಹಿಂಡಿ, ಹಂತಹಂತವಾಗಿ ತಣಿಸಿ, ಕೊನೆಗೆ ನೀರಿನಂತೆ ಹರಿಸುವ ಕಾರ್ಖಾನೆ ನಮ್ಮದು. ಆ ನೀರು ಮೈಗೆ ತಾಗಿದರೆ ಕೆಂಡ ತಾಗಿದ ಹಾಗೆ. ಗ್ಲೌಸ್ ಹರಿದಾಗ ಅವನು ಹೊಸದು ಕೇಳಿದ್ದ. "ಮಹಾರಾಜರ ಕೈಗೆ ಚಳಿ ಆಯ್ತಾ?" ಎಂದು ಮ್ಯಾನೇಜರ್ ಅಟ್ಟಿದ್ದ. ಅದೇ ವಾರ ಹರಿದ ಗ್ಲೌಸಿನೊಳಕ್ಕೆ ಅದು ಸೋರಿ ಬೆರಳು ಕಪ್ಪಾದವು. ಆಸ್ಪತ್ರೆಯಲ್ಲಿ ಕತ್ತರಿಸಿದರು.

ಅತಿಥಿಗಳು ಬಂದರು. ಮ್ಯಾನೇಜರನ ಬಾಯಲ್ಲಿ ಜೇನು ಸುರಿಯತೊಡಗಿತು. ಹಿಮಗಟ್ಟಿದ ಪೈಪುಗಳನ್ನು ತಾನೇ ಹೆತ್ತವನಂತೆ ನೇವರಿಸಿ ತೋರಿಸಿದ, ದಪ್ಪ ಹೊಸ ಗ್ಲೌಸ್ ಹಾಕಿಕೊಂಡು. ಇಕ್ಕಳದಲ್ಲಿ ಗುಲಾಬಿ ಹಿಡಿದು ಹೊಗೆಯಾಡುವ ಬಕೆಟಿಗೆ ಅದ್ದಿ ಮೇಜಿಗೆ ಬಡಿದ. ಹೂವು ಗಾಜಿನ ಹಾಗೆ ಪುಡಿಯಾಯಿತು. ಚಪ್ಪಾಳೆಯೋ ಚಪ್ಪಾಳೆ.

"ಕೆಲಸದವರಿಗೆ ಅಪಾಯ ಇಲ್ವಾ?" ಅತಿಥಿಗಳಲ್ಲಿ ಒಬ್ಬಾಕೆ ಕೇಳಿದರು.

"ಛೇ ಛೇ, ಇವರೆಲ್ಲ ನಮ್ಮನೆ ಮಕ್ಕಳು ಮೇಡಂ. ಒಂದು ಗೀರು ಬೀಳೋಕೂ ಬಿಡಲ್ಲ."

ಪೈಪಿನ ಹಿಮ ಕೆರೆಯುತ್ತಿದ್ದ, ಬೆರಳು ಕಳೆದುಕೊಂಡವನ ತಂಗಿ ಸರ್ರನೆ ಬಂದಳು. ಅಣ್ಣನ ಕೈ ಎಳೆದು ಆಕೆಯ ಮುಂದೆ ಹಿಡಿದಳು.

"ನೋಡಿ ಮೇಡಂ, ಮನೆಮಗನ ಕೈ."

"ಕುಡಿದು ಬಂದು ತಾನೇ ಅದ್ದಿದ, ಬೋಳಿಮಗ!" ಎಂದ ಮ್ಯಾನೇಜರ್.

"ಥೂ, ನಿನ್ನ ನಾಲಿಗೆ ಸೇದಿಹೋಗ! ನಮ್ಮಣ್ಣ ಹೆಂಡದ ವಾಸನೇನೂ ನೋಡಿಲ್ಲ ಕಣೋ."

ಅಣ್ಣ ಬೇಡ ಬೇಡ ಎನ್ನುತ್ತಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ. ನೇರ ಹೋಗಿ ಗೋಡೆಯ ಕೆಂಪು ಗುಂಡಿ ಗುದ್ದಿದಳು. ಹಗಲೂ ರಾತ್ರಿ ಗುಡುಗುತ್ತಿದ್ದ ಯಂತ್ರ ಏದುಸಿರು ಬಿಟ್ಟು ನಿಂತಿತು. ಆ ಮೌನಕ್ಕೆ ನಮಗೇ ಗಾಬರಿಯಾಯಿತು.

"ಅಯ್ಯೋ ಹಲ್ಕಾ ಮುಂಡೆ! ಇದು ಮತ್ತೆ ತಣ್ಣಗಾಗೋಕೆ ಎಷ್ಟು ದಿನ ಬೇಕು ಗೊತ್ತೇನೇ?"

"ಅಣ್ಣಂಗೆ ಬೆರಳು ಚಿಗುರೋಕೆ ಎಷ್ಟು ದಿನ ಬೇಕು? ಅದನ್ನ ಹೇಳು ಮೊದ್ಲು."

"ಲೇ ಆಪರೇಟರ್, ಹಸಿರು ಗುಂಡಿ ಒತ್ತೋ!"

ಮ್ಯಾನೇಜರ್ ಸೀನಿದರೂ "ಸರಿ ಸಾರ್" ಅನ್ನುವ ಆಸಾಮಿ ಆಪರೇಟರ್. ಅವನು ಟೋಪಿ ತೆಗೆದು ಪಕ್ಕಕ್ಕಿಟ್ಟು, ಹಸಿರು ಗುಂಡಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ನಾವೂ ಒಬ್ಬೊಬ್ಬರಾಗಿ ಹೋಗಿ ಅವನಿಗೆ ಒತ್ತಿಕೊಂಡು ಕುಳಿತೆವು. ಮ್ಯಾನೇಜರ್ ನಮ್ಮನ್ನು ದಾಟಲು ಕಾಲೆತ್ತಿದ, ಮುಖಗಳನ್ನು ನೋಡಿ ಕಾಲಿಳಿಸಿ ಫೋನ್ ತೆಗೆದ.

ಪೈಪಿನ ಹಿಮ ಹೋಳುಹೋಳಾಗಿ ಕಳಚಿ ಬೀಳತೊಡಗಿತು. ಅತಿಥಿಗಳು ಪ್ಯಾಂಟು ಎತ್ತಿಕೊಂಡು, ಕರಗಿದ ಹಿಮದ ನೀರು ತುಳಿಯುತ್ತ ಬಾಗಿಲಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಹೊರಗೆ ಪೊಲೀಸ್ ಜೀಪು ಬಂದು ನಿಂತ ಸದ್ದಾಯಿತು.

ಯಾರೂ ಏಳಲಿಲ್ಲ.