ಮಡಚುವ ಚಾಕಿನ ಕೂಲಿ

ಶಾಂತಾಳ ಉಗುರ ಸಂದಿಗೆ ಸೇರಿದ ಉಕ್ಕಿನ ಪುಡಿ ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಅನ್ನ ಕಲಸಿದರೆ ಅನ್ನಕ್ಕೂ ಕಪ್ಪು ಹತ್ತುತ್ತಿತ್ತು. ಹಾವೇರಿ ಕಡೆಯಿಂದ ಗಂಡನ ಗಾರೆ ಕೆಲಸದ ಬೆನ್ನುಹತ್ತಿ ತಿರುವನಂತಪುರಕ್ಕೆ ಬಂದವಳು, ಅವನು ಸತ್ತ ಮೇಲೆ ಶ್ರೀಕಾರ್ಯಂನ ಒಂದು ಶೆಡ್ಡಿನಲ್ಲಿ ಮಡಚುವ ಚಾಕು ಮಾಡುತ್ತಿದ್ದಳು. ಅಲಗು ಸಾಣೆ ಹಿಡಿಯಬೇಕು, ಸ್ಪ್ರಿಂಗನ್ನು ಅರದಿಂದ ಉಜ್ಜಬೇಕು, ಹಿಡಿಗೆ ಮೊಳೆ ಬಡಿಯಬೇಕು. ಸಂಜೆ ಉಗುಳಿದರೆ ಎಂಜಲೂ ಬೂದಿ ಬಣ್ಣ.

ಯಜಮಾನ ಯಜ್ಞನಾರಾಯಣ ಮೈಸೂರಿನವರು. ದೊಡ್ಡ ಸರ್ಕಾರಿ ಸಂಸ್ಥೆಯಲ್ಲಿದ್ದು ನಿವೃತ್ತರಾಗಿದ್ದರು. ಕೂಲಿ ಏರಿಸಿ ಎಂದಾಗಲೆಲ್ಲ ಒಂದೇ ಮಾತು.

"ಉಕ್ಕೇ ಎಲ್ಲಾ ತಿಂದ್ಹಾಕ್ತಿದೆ ಶಾಂತಾ. ಕೂಲಿಗೆ ಉಳಿಯೋದೇನಮ್ಮ?"

ಅವಳಿಗೆ ನಂಬಿಕೆ ಬರುತ್ತಿರಲಿಲ್ಲ. ಹಾಗಾದರೆ ಹೊಸ ಕಾರು ಎಲ್ಲಿಂದ ಬಂತು? ಕೆಲಸ ಮಾಡುವಾಗ ಫೋನು ಹಿಡಿದು ಬಂದು ಕೆಲಸದವರ ಕೈಗಳನ್ನಷ್ಟೇ ಯಾಕೆ ವಿಡಿಯೊ ಮಾಡಿಕೊಳ್ಳುತ್ತಾರೆ? ಅದರಲ್ಲಿ ಮುಖ ಬಂದರೆ ಯಾಕೆ ಅಳಿಸುತ್ತಾರೆ? ಪಕ್ಕದ ಸಾಣೆಯ ಅಜಿತ್‌ನನ್ನು ಕೇಳಿದರೆ ಅವನು ತಲೆ ಎತ್ತುತ್ತಿರಲಿಲ್ಲ. "ವೇಂಡ ಚೇಚಿ," ಬೇಡ ಅಕ್ಕಾ, ಸುಮ್ಮನಿರು ಎನ್ನುತ್ತಿದ್ದ.

ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಕೈಕಸುಬಿನ ವಸ್ತುಗಳ ಪ್ರದರ್ಶನ, ಮಾರಾಟವಿತ್ತು. ಪೆಟ್ಟಿಗೆ ಹೊರಲು ಯಜಮಾನರು ಅವಳನ್ನು ಕರೆದುಕೊಂಡು ಹೋದರು. ದಾರಿಯಲ್ಲಿ, ವೈಟ್ಟಿಲ ದಾಟುವಾಗ, "ಯಾರಾದ್ರೂ ಕೇಳಿದ್ರೆ ಮನೆ ಕೆಲಸದೋಳು ಅನ್ನು," ಎಂದರು.

ಅವಳ ಅನುಮಾನ ಇನ್ನಷ್ಟು ಬಲಿಯಿತು.

ಮಧ್ಯಾಹ್ನ ನಿಖಿತಾ ಎಂಬ ಬ್ಯಾಂಕ್ ಅಧಿಕಾರಿ ಬಂದಳು. ಯಜಮಾನರ ಮಾತಿನ ಧಾಟಿ ಗುರುತಿಸಿ, "ನೀವು ಕನ್ನಡದೋರಾ ಸರ್?" ಎಂದಳು. ಚಾಕು ಬಿಡಿಸಿ, ಮಡಚಿ ನೋಡಿದಳು. "ಇಷ್ಟು ಪುಟ್ಟ ಚಾಕಿಗೆ ಆರು ಸಾವಿರಾನಾ?"

ಯಜ್ಞನಾರಾಯಣರಿಗೆ ಹುರುಪು ಬಂತು. ಫೋನು ತೆಗೆದು ಕೈಗಳ ವಿಡಿಯೊ ತೋರಿಸಿದರು. ಹಿಂದೆ ಶಾಂತಾ ಪೆಟ್ಟಿಗೆ ಬಿಚ್ಚುತ್ತಿದ್ದಾಳೆ ಎಂಬುದೇ ಅವರಿಗೆ ಮರೆತುಹೋಯಿತು.

"ಉಕ್ಕಿಗೇನು ಮೇಡಂ, ಚಿಲ್ಲರೆ ದುಡ್ಡು. ಎಲ್ಲಾ ಕೈ ಕೆಲಸದ ಬೆಲೆ. ಬೆಲೆ ಇಳಿಸಿದ್ರೆ ದುಡಿಯೋರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ. ನಾನಂತೂ ಆ ಪಾಪ ಮಾಡಲ್ಲ."

ಶಾಂತಾ ಕೈಲಿದ್ದ ಪೆಟ್ಟಿಗೆ ಕೆಳಗಿಟ್ಟಳು. ಮುಂದೆ ಬಂದು ಎರಡೂ ಕೈ ಮೇಜಿನ ಮೇಲಿಟ್ಟಳು.

"ಆ ಕೈ ಇವ ನೋಡ್ರಿ ಅಕ್ಕಾರ. ದಿನಕ್ಕ ನಾಕನೂರು ಕೊಡ್ತಾರ. ಪಗಾರ ಕೇಳಿದ್ರ ಉಕ್ಕು ತಿಂತು ಅಂತಾರ."

"ಅವಳು ಮನೆ ಕೆಲಸದೋಳು, ತಲೆ ಸರಿ ಇಲ್ಲ," ಎಂದರು ಯಜಮಾನರು. ಮುಖ ಕೆಂಪಾಗಿತ್ತು.

ನಿಖಿತಾ ಆ ಕಪ್ಪು ಉಗುರುಗಳನ್ನೇ ನೋಡಿದಳು. ಶಾಂತಾ ಕಾದಳು.

"ಕೂಲಿ ಅಷ್ಟೇ ಆದ್ರೆ ರೇಟು ಕಮ್ಮಿ ಮಾಡಬಹುದಲ್ಲ ಸರ್?" ಎಂದಳು ನಿಖಿತಾ.

ಎರಡು ಸಾವಿರ ಇಳಿಯಿತು. ಚಾಕು ಅವಳ ಚೀಲಕ್ಕೆ ಬಿತ್ತು.

ಮರುದಿನ ಶೆಡ್ಡಿನಲ್ಲಿ ಶಾಂತಾ ತನ್ನ ಮುರುಕು ಮಲಯಾಳಂನಲ್ಲಿ ಎಲ್ಲವನ್ನೂ ಹೇಳಿದಳು. ಅಜಿತ್ ಎದ್ದು ಸಾಣೆಯ ಸ್ವಿಚ್ ಆರಿಸಿದ. ಒಂದೊಂದಾಗಿ ಉಳಿದವೂ ನಿಂತವು. ಎಲ್ಲರೂ ಗೇಟಿನ ಹೊರಗೆ ಹೋಗಿ ಕೂತರು.

ಯಜಮಾನರು ಕಾರಿನಿಂದ ಇಳಿದು ಕೂಗಾಡಿದರು. "ನೀವಲ್ದಿದ್ರೆ ಇನ್ನೊಬ್ರು. ನಾಳೇನೇ ಹೊಸಬರನ್ನ ಕರೆಸ್ತೀನಿ!"

ಶಾಂತಾ ಕೂತಲ್ಲಿಂದ ಏಳಲಿಲ್ಲ.

"ಕರಸ್ರಿ ಸಾಹೇಬ್ರ. ಅವರು ಒಳಗ ಹೋಗೋದು ಇದ ದಾರೀಲೆ. ನಾವು ಇಲ್ಲೇ ಕುಂತಿರ್ತೀವಿ, ಅವರಿಗೂ ಹೇಳತೀವಿ."